ರಸ್ತೆ ಅಗಲವಾಗುವಾಗ ನಮ್ಮ ಕಾಗದ ಎಲ್ಲಿರುತ್ತದೆ?

ಮಂಗಳೂರು ಕಡೆಯಿಂದ ಕಲಬುರಗಿಗೆ ಝಿಯಾರತ್ ಹೊರಟ ಬಸ್ಸುಗಳು ಹೆಚ್ಚಾಗಿ ಜೇವರ್ಗಿ ದಾಟಿಯೇ ಹೋಗುತ್ತವೆ. ರಾಷ್ಟ್ರೀಯ ಹೆದ್ದಾರಿ 50 ಮತ್ತು 150ಎ ಸೇರುವ ಊರು ಅದು. ಮುಂದೆ ಕಟ್ಟಿಸಂಗಾವಿಯಲ್ಲಿ ಭೀಮಾ ನದಿ ದಾಟಿದರೆ ಕಲಬುರಗಿ ಹತ್ತಿರ. ಅಲ್ಲಿ ಖಾಜಾ ಬಂದೇ ನವಾಝರ ಝಿಯಾರತ್ ಮುಗಿಸಿ ಆಳಂದದ ಲಾಡ್ಲೆ ಮಶಾಯಖ್ ದರ್ಗಾಕ್ಕೆ ಹೋಗುವುದು ವಾಡಿಕೆ. ಕೆಲವರು ಅಫಜಲಪುರದ ಮೇಲೆ ವಿಜಯಪುರಕ್ಕೆ ಹೋಗಿ ಊರಿಗೆ ಮರಳುತ್ತಾರೆ. ನಾವೂ ಹಾಗೆಯೇ ಹೋಗಿದ್ದೆವು.

ಆ ಮೂರು ತಾಲೂಕಿನ ಒಂದು ಪೇಟೆಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಊರಿನ ಹೆಸರು ಬೇಡ. ಪಕ್ಕದ ಬಟ್ಟೆ ಅಂಗಡಿಯ ಗೋಡೆಯ ಮೇಲೆ ಕೆಂಪು ಗೆರೆ ಎಳೆದಿತ್ತು. ನಮ್ಮ ತಲೆಯ ಪೇಟ ನೋಡಿ ಅಂಗಡಿಯವರು ಹೊರಗೆ ಬಂದರು. "ಮೌಲ್ವಿ ಸಾಬ್, ನಿಮಗ ಹಳೇ ಉರ್ದು ಓದ್ಲಿಕ್ ಬರ್ತದೇನ್ರೀ? ರಸ್ತಾ ಅಗಲ ಮಾಡತಾರಂತ್ರಿ. ಅಜ್ಜನ ಕಾಗದ ಅದ, ಓದೋರ ಯಾರೂ ಇಲ್ಲ" ಅಂದರು. ನೋಟಿಸ್ ಬಂದಿತ್ತೇ ಎಂದು ಕೇಳಿದೆವು. ಬಂದಿತ್ತಂತೆ. ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಮರೆತಿದ್ದರು.

ಆ ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, 1956ರಲ್ಲಿ ಕರ್ನಾಟಕಕ್ಕೆ ಸೇರಿತು. ಹಾಗಾಗಿ ಮನೆ, ಹೊಲದ ಹಳೆಯ ಪತ್ರಗಳು ಎಷ್ಟೋ ಉರ್ದುವಿನಲ್ಲೇ ಇವೆ. ಈಗಿನ ಮಕ್ಕಳು ಕನ್ನಡ ಶಾಲೆಗೆ, ಇಂಗ್ಲಿಷ್ ಶಾಲೆಗೆ ಹೋದವರು. ಮನೆಯಲ್ಲಿ ಆಡುವ ಮಾತು ದಖನಿಯಾದರೂ ಅಕ್ಷರ ತಿಳಿಯದು. ನಮಗೂ ಆ ಶಿಕಸ್ತಾ ಬರಹದಲ್ಲಿ ಅರ್ಧದಷ್ಟೇ ಹಿಡಿಯಿತು. ಆದರೆ ಹುದೂದೆ ಅರ್ಬಅ, ಅಂದರೆ ಚಕಬಂದಿ, ಸ್ಪಷ್ಟವಾಗಿತ್ತು. ಮೂಡಣಕ್ಕೆ ಸಾರ್ವಜನಿಕ ರಸ್ತೆ. ಉದ್ದ ಇಷ್ಟು ಗಜ, ಅಗಲ ಇಷ್ಟು ಗಜ. ಅವರ ಮಗ ಟೇಪು ಹಿಡಿದ. ಮೆಟ್ಟಿಲು ಮತ್ತು ಮುಂದಿನ ತಗಡಿನ ಚಪ್ಪರ ಸೇರಿ ನಾಲ್ಕು ಅಡಿ ಪತ್ರದಾಚೆಗೆ, ರಸ್ತೆಯಲ್ಲೇ ಇತ್ತು. ಕೆಂಪು ಗೆರೆ ಇದ್ದದ್ದು ಒಂಬತ್ತು ಅಡಿ ಒಳಗೆ. ಲೆಕ್ಕ ಬಿಡಿಸಿದರೆ, ನಾಲ್ಕು ಅಡಿ ಇವರದಲ್ಲ. ಐದು ಅಡಿ ಖಂಡಿತ ಇವರದು.

ಈ ಎರಡನ್ನು ಬೇರೆ ಮಾಡಿ ನೋಡುವುದೇ ಇಡೀ ವಿಷಯದ ಬೇರು. ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ಇದನ್ನೇ ಹೇಳಿದೆ. ಉತ್ತರ ಪ್ರದೇಶದ ಮಹಾರಾಜ್‌ಗಂಜ್‌ನಲ್ಲಿ 2019ರಲ್ಲಿ ರಸ್ತೆ ಅಗಲೀಕರಣದ ಹೆಸರಲ್ಲಿ ಪತ್ರಕರ್ತರೊಬ್ಬರ ಮನೆ ಕೆಡವಿದ್ದರು. ಕೋರ್ಟ್ 25 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಎಲ್ಲ ರಾಜ್ಯಗಳಿಗೂ ಅನ್ವಯಿಸುವಂತೆ ಒಂದು ಕ್ರಮವನ್ನೂ ಹಾಕಿಕೊಟ್ಟಿತು. ಮೊದಲು ದಾಖಲೆ, ನಕ್ಷೆ ನೋಡಿ ಈಗಿರುವ ರಸ್ತೆಯ ಅಗಲ ಎಷ್ಟೆಂದು ತಿಳಿಯಬೇಕು. ಆಮೇಲೆ ಸರ್ವೆ. ಒತ್ತುವರಿ ಕಂಡರೆ ಲಿಖಿತ ನೋಟಿಸ್, ಆಕ್ಷೇಪ ಬಂದರೆ ಕಾರಣ ಬರೆದ ಆದೇಶ, ತೆಗೆಯಲು ಸಾಕಷ್ಟು ಸಮಯ. ಇಷ್ಟಾದ ಮೇಲೂ ರಸ್ತೆಗೆ ಜಾಗ ಸಾಲದಿದ್ದರೆ ಕಾನೂನುಪ್ರಕಾರ ಭೂಸ್ವಾಧೀನ ಮಾಡಿಕೊಳ್ಳಬೇಕು. ಅದೇ ತಿಂಗಳ 13ರಂದು ಬಂದ ಬುಲ್ಡೋಝರ್ ತೀರ್ಪನ್ನು ಇದರೊಂದಿಗೆ ಬೆರೆಸಿ ಮಾತಾಡುವವರಿದ್ದಾರೆ. ಅದರ 15 ದಿನದ ನೋಟಿಸ್ ನಿಯಮ ರಸ್ತೆಯ ಮೇಲಿನ ಅನಧಿಕೃತ ಕಟ್ಟಡಕ್ಕೆ ಇಲ್ಲ. ಚಪ್ಪರದವರು ಅದನ್ನು ನಂಬಿ ಕೂರಬಾರದು.

ಇನ್ನೊಂದು ಮಾತು. ಪುರಸಭೆಯೇ ಎಲ್ಲವನ್ನೂ ಮಾಡುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಊರೊಳಗಿನ ರಸ್ತೆ ಪುರಸಭೆಯದು, ಹೆದ್ದಾರಿ ಬೇರೆಯವರದು. ಮಾಸ್ಟರ್ ಪ್ಲ್ಯಾನ್‌ನಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ ಎಂದು ಬಣ್ಣ ಹಾಕಿರುತ್ತಾರೆ. ಆ ಬಣ್ಣ ಬದಲಾಗಬೇಕಾದರೆ, ಅಂದರೆ ಭೂ ಉಪಯೋಗ ಬದಲಾವಣೆಗೆ, 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 14-ಎ ಪ್ರಕಾರ ಯೋಜನಾ ಪ್ರಾಧಿಕಾರ ದಿನಪತ್ರಿಕೆಯಲ್ಲಿ ಪ್ರಕಟಿಸಬೇಕು, ಆಕ್ಷೇಪಕ್ಕೆ ಕನಿಷ್ಠ 15 ದಿನ ಕೊಡಬೇಕು. ರಾಷ್ಟ್ರೀಯ ಹೆದ್ದಾರಿಗೆ ಭೂಮಿ ಬೇಕಾದರೆ 3ಎ ಪ್ರಕಟಣೆಯಿಂದ 21 ದಿನ. 2013ರ ಭೂಸ್ವಾಧೀನ ಕಾಯ್ದೆಯಡಿ 60 ದಿನ. ಈ 15, 21, 60 ಮೀರಿದ ಮೇಲೆ ನಮ್ಮ ಕೂಗಿಗೆ ಬೆಲೆ ಕಡಿಮೆ. ಪ್ರಕಟಣೆ ಬರುವುದು ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದಲ್ಲಿ. ನಾವು ಓದುವುದು ಮರಣದ ಸುದ್ದಿ ಮತ್ತು ಚಿನ್ನದ ದರ.

ಆಳಂದದ ಹೆಸರು 2025ರಲ್ಲಿ ದೇಶವಿಡೀ ಕೇಳಿಬಂತು. ಮತಪಟ್ಟಿಯಿಂದ ಹೆಸರು ತೆಗೆಸಲು ಬಂದ 6,018 ಅರ್ಜಿಗಳ ಗಲಾಟೆ ಅದು. ಅಲ್ಲೂ ಬೆಚ್ಚಿಬೀಳಿಸಿದ ಸಂಗತಿ ಇಷ್ಟೇ: ಕಾಗದದಲ್ಲಿ ಏನು ನಡೆಯುತ್ತಿದೆ ಎಂದು ಹೆಸರಿನವರಿಗೇ ಗೊತ್ತಿರಲಿಲ್ಲ. ಮತಪಟ್ಟಿಯನ್ನು ನೋಡುವುದನ್ನು ಈಗ ಜನ ಕಲಿತಿದ್ದಾರೆ. ಖಾತಾ ಯಾರ ಹೆಸರಲ್ಲಿದೆ ಎಂದು ನೋಡುವುದನ್ನು ಇನ್ನೂ ಕಲಿತಿಲ್ಲ.

ಇದು ಕಲಬುರಗಿಯವರ ಕಥೆ, ನಮಗೇನು ಅನ್ನಬೇಡಿ. ಕುಲಶೇಖರದಿಂದ ಸಾಣೂರುವರೆಗಿನ ಚತುಷ್ಪಥಕ್ಕೆ ಭೂಮಿ ಬಿಟ್ಟವರು ಪರಿಹಾರಕ್ಕಾಗಿ ಎಷ್ಟು ಅಲೆದರು ಎಂದು ಗುರುಪುರ, ಕೈಕಂಬದವರಿಗೆ ಗೊತ್ತು. ನಮ್ಮ ಮನೆಗಳಲ್ಲಿ ಗಂಡಸರು ಗಲ್ಫ್‌ನಲ್ಲಿ, ಜಾಗ ತೀರಿಹೋದ ಉಪ್ಪನ ಹೆಸರಲ್ಲಿ, ನೋಟಿಸ್ ಉಮ್ಮನ ಕೈಯಲ್ಲಿ. ಉಮ್ಮ ಅದನ್ನು ಜೋಪಾನವಾಗಿ ಕಪಾಟಿನಲ್ಲಿಡುತ್ತಾರೆ. ಮಗ ರಜೆಗೆ ಬರುವಷ್ಟರಲ್ಲಿ 21 ದಿನ ಯಾವತ್ತೋ ಹೋಗಿರುತ್ತದೆ. ಮಸೀದಿ, ಕಬರಸ್ತಾನದ ಕಾಗದಗಳೂ ಅಷ್ಟೇ. 2025ರಲ್ಲಿ ಉಮೀದ್ ಪೋರ್ಟಲ್‌ಗೆ ದಾಖಲೆ ಹಾಕಲು ಜಮಾಅತ್‌ಗಳು ಪಟ್ಟ ಪಾಡನ್ನು ನಾವು ಕಣ್ಣಾರೆ ನೋಡಿದ್ದೇವೆ.

ದೀನಿನಲ್ಲಿ ಈ ವಿಷಯಕ್ಕೆ ಎರಡೂ ಕಡೆಯ ಪಾಠವಿದೆ. ಮದೀನಾದಲ್ಲಿ ಮಸೀದಿ ಕಟ್ಟಲು ಆರಿಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಯತೀಮ್ ಹುಡುಗರದು. ಅವರು ಉಚಿತವಾಗಿ ಕೊಡುತ್ತೇವೆ ಎಂದರೂ ಪ್ರವಾದಿ (ಸ.ಅ.) ಬೆಲೆ ಕೊಟ್ಟೇ ತೆಗೆದುಕೊಂಡರು. ಅಲ್ಲಾಹನ ಮನೆಗೇ ಪುಕ್ಕಟೆ ಬೇಡವೆಂದ ಮೇಲೆ ರಸ್ತೆಗೆ ಪರಿಹಾರ ಕೇಳಲು ಸಂಕೋಚ ಯಾಕೆ? ಇತ್ತ ದಾರಿಯ ಅಗಲದಲ್ಲಿ ತಕರಾರು ಬಂದರೆ ಏಳು ಮೊಳ ಬಿಡಬೇಕೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಗೇಣಗಲ ಭೂಮಿಯನ್ನು ಅನ್ಯಾಯವಾಗಿ ಹೊಡೆದವನ ಕುತ್ತಿಗೆಗೆ ಏಳು ಭೂಮಿಯ ಭಾರ ಬೀಳುವ ಎಚ್ಚರಿಕೆಯನ್ನು ಮದ್ರಸದ ಮಕ್ಕಳಿಗೂ ಹೇಳಿಕೊಡುತ್ತೇವೆ. ಆದರೆ ಕಂಪೌಂಡ್ ಗೋಡೆ ಕಟ್ಟುವಾಗ ಒಂದಡಿ ಆಚೆ ಹಾಕುವವರು ಅದೇ ಮಕ್ಕಳ ಉಪ್ಪಂದಿರು. ಕೆಂಪು ಗೆರೆ ಬಿದ್ದ ದಿನ ಸಮುದಾಯಕ್ಕೆ ಅನ್ಯಾಯ ಅನ್ನುತ್ತಾರೆ. ನಮಗೆ ಇದು ಬೇಸರ ತರಿಸುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಝಿಯಾರತ್‌ನಿಂದ ಬಂದ ಮೇಲೆ ನಮ್ಮ ಮಸೀದಿಯಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿದೆವು. ನಮಾಝ್ ಸಮಯದ ಬೋರ್ಡ್ ಪಕ್ಕ ಇನ್ನೊಂದು ಬೋರ್ಡ್. ವಾರದ ಪತ್ರಿಕೆಗಳಲ್ಲಿ ಬಂದ ಭೂಸ್ವಾಧೀನ, ಭೂ ಉಪಯೋಗ ಬದಲಾವಣೆಯ ಪ್ರಕಟಣೆ ಕತ್ತರಿಸಿ ಅಂಟಿಸುತ್ತೇವೆ, ಕೊನೆಯ ದಿನಾಂಕಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇವೆ. ಪತ್ರಿಕೆ ಕತ್ತರಿಸುವುದು ಪಿಯುಸಿ ಓದುವ ಇಬ್ಬರು ಹುಡುಗರು. ಒಂದು ಪ್ರಕಟಣೆಯಲ್ಲಿ ಜಮಾಅತಿನವರೊಬ್ಬರ ಸರ್ವೆ ನಂಬರ್ ಸಿಕ್ಕಿತು. ಅವರು ಅಬುಧಾಬಿಯಲ್ಲಿದ್ದರು, ವಾಟ್ಸ್ಆ್ಯಪ್ ಮಾಡಿದೆವು.

ಮೊನ್ನೆ ಆ ಬಟ್ಟೆ ಅಂಗಡಿಯವರು ಫೋನ್ ಮಾಡಿದ್ದರು. ಮೆಟ್ಟಿಲು, ಚಪ್ಪರ ತಾವೇ ತೆಗೆಸಿದ್ದಾರೆ. ಉರ್ದು ಪತ್ರವನ್ನು ಕನ್ನಡಕ್ಕೆ ಮಾಡಿಸಿ, ಉಳಿದ ಐದು ಅಡಿಗೆ ಆಕ್ಷೇಪದ ಅರ್ಜಿ ಕೊಟ್ಟಿದ್ದಾರೆ. ಆದರೆ ಖಾತಾ ಈಗಲೂ ಅಜ್ಜನ ಹೆಸರಲ್ಲೇ ಇದೆ. ವಾರಸುದಾರರೆಲ್ಲರ ಸಹಿ ಬೇಕು, ಮೂವರು ತಂಗಿಯಂದಿರ ಸಹಿ ಬಾಕಿ. ಅವರ ಪಾಲು ಇವತ್ತಿನವರೆಗೆ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. "ಪರಿಹಾರ ಬಂದರ ಅವರಿಗೆ ಎಷ್ಟು ಕೊಡಬೇಕ್ರಿ ಮೌಲ್ವಿ ಸಾಬ್?" ಎಂದು ಕೇಳಿದರು. ಅಣ್ಣ ತಮ್ಮಂದಿರೆಷ್ಟು, ತಾಯಿ ಇದ್ದಾರೆಯೇ ಎಂದು ವಿಚಾರಿಸಿ ಮೀರಾಸಿನ ಲೆಕ್ಕ ಬರೆದು ಅದೇ ರಾತ್ರಿ ಕಳುಹಿಸಿದೆವು.