ಹಸುವಿಗೂ ಸಿಸ್ಟ್, ಮಗಳಿಗೂ ಸಿಸ್ಟ್: ಎರಡೂ ಒಂದೇ ಅಲ್ಲ



ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಬರಡು ರಾಸು ಶಿಬಿರಗಳಲ್ಲಿ ಹಸುವಿಗೆ ಸಿಸ್ಟ್ ಇದೆ ಎಂದಾಗ ಕೆಲವು ತಾಯಂದಿರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಡಾಕ್ಟ್ರೇ, ನಮ್ಮ ಹುಡುಗಿಗೂ ಸ್ಕ್ಯಾನಿಂಗ್‌ನಲ್ಲಿ ಇದನ್ನೇ ಹೇಳಿದಾರೆ. ಮುಂದೆ ಮಕ್ಕಳಾಗುತ್ತವಾ?"

ಹಸುವಿನಲ್ಲಿ

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆಗ ಅಂಡಾಶಯದ ಮೇಲಿನ ನೀರುಗುಳ್ಳೆ ಒಡೆದು ಅಂಡ ಹೊರಬರಬೇಕು. ಒಡೆಯದೆ ಎರಡೂವರೆ ಸೆಂ.ಮೀ.ಗಿಂತ ದೊಡ್ಡದಾಗಿ ಉಳಿದರೆ ಅದೇ ಸಿಸ್ಟ್. ಇಂಥ ಹಸು ಪದೇಪದೇ ಬೆದೆಗೆ ಬರಬಹುದು, ಇಲ್ಲವೇ ಬೆದೆಗೇ ಬಾರದಿರಬಹುದು. ಗಬ್ಬವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಚುಚ್ಚುಮದ್ದು. ಇದಕ್ಕೆ ಬಳಸುವ ಪ್ರೊಸ್ಟಗ್ಲಾಂಡಿನ್ ಔಷಧ ಚರ್ಮದ ಮೂಲಕವೂ ಒಳಹೋಗುತ್ತದೆ. ಗರ್ಭಿಣಿಯರು, ಉಬ್ಬಸ ಇರುವವರು ಆ ಬಾಟಲಿ, ಸಿರಿಂಜ್ ಮುಟ್ಟಲೇಬಾರದು.

ಹೆಣ್ಣುಮಕ್ಕಳಲ್ಲಿ

ನಾನು ದನದ ಡಾಕ್ಟರ್; ಮಗಳ ಚಿಕಿತ್ಸೆ ಸ್ತ್ರೀರೋಗ ತಜ್ಞರದ್ದು. ಆದರೂ ಇಷ್ಟು ತಿಳಿದಿರಲಿ. ಹರೆಯದಲ್ಲಿ ಕಾಣುವ ಸಿಸ್ಟ್‌ಗಳಲ್ಲಿ ಹೆಚ್ಚಿನವು ತಿಂಗಳ ಚಕ್ರದಲ್ಲೇ ಹುಟ್ಟುವ ನೀರುಗುಳ್ಳೆಗಳು. ಎರಡು-ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ಅದಕ್ಕೇ ವೈದ್ಯರು ಮತ್ತೊಮ್ಮೆ ಸ್ಕ್ಯಾನಿಂಗ್‌ಗೆ ಬರಹೇಳುತ್ತಾರೆ. ನೋವು ಹೋಯಿತೆಂದು ಅದನ್ನು ತಪ್ಪಿಸಬೇಡಿ. ಕರಗದವು ಬೇರೆ ಜಾತಿಯವು: ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್, ಹಳೆಯ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್. ಯಾವುದೆಂದು ಕೈಯಲ್ಲಿ ಮುಟ್ಟಿ ಹೇಳಲಾಗದು, ಸ್ಕ್ಯಾನಿಂಗ್ ಬೇಕೇ ಬೇಕು. ಮದುವೆಯಾಗದ ಹುಡುಗಿಗೆ ಮೂತ್ರ ತುಂಬಿಕೊಂಡಿರುವಾಗ ಹೊಟ್ಟೆಯ ಮೇಲಿಂದಲೇ ಮಾಡುತ್ತಾರೆ. ನಾಚಿಕೆಗೆ, ಹೆದರಿಕೆಗೆ ಕಾರಣವಿಲ್ಲ.

ವಯಸ್ಸಾದರೂ ಮುಟ್ಟಾಗದೆ, ತಿಂಗಳಿಗೊಮ್ಮೆ ಕಿಬ್ಬೊಟ್ಟೆ ನೋಯುತ್ತಿದೆಯೇ? ಹೊರಬರುವ ದಾರಿ ಮುಚ್ಚಿ ರಕ್ತ ಒಳಗೇ ಕಟ್ಟಿಕೊಂಡಿರಬಹುದು. ದಾರಿಗೆ ಅಡ್ಡವಿರುವುದು ಬರೀ ತೆಳು ಪೊರೆಯಾದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ.

ಕಾಯಬಾರದ್ದು ಯಾವಾಗ?

• ಒಂದೇ ಬದಿಯಲ್ಲಿ ಥಟ್ಟನೆ ತೀವ್ರ ನೋವು, ಜೊತೆಗೆ ವಾಂತಿ
• ತಲೆಸುತ್ತು, ಮೂರ್ಛೆ
• ಹೊಟ್ಟೆ ದಿನೇದಿನೇ ಊದುವುದು

ಸಿಸ್ಟ್ ಇರುವ ಅಂಡಾಶಯ ತಿರುಚಿಕೊಂಡರೆ ಅದಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಬೇಗ ತಲುಪಿದರೆ ಅಂಡಾಶಯ ಉಳಿಯುತ್ತದೆ. "ಗ್ಯಾಸ್ ಇರಬೇಕು" ಎಂದು ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಹಸು ಬೆದೆಗೆ ಬಂದ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೀರಿ. ಮಗಳಿಗೂ ಅವಳ ಮುಟ್ಟಿನ ದಿನ, ನೋವಿನ ದಿನ ಬರೆದಿಡಲು ಹೇಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.