ಇಬ್ಬರಿಗೂ ಏಳು ಬ್ಯಾಂಡ್

ಮುಂಬಯಿಯ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನ ಒಂದು ಕಂಪನಿಗೆ ಒಂದೇ ಹುದ್ದೆಗಾಗಿ ಇಬ್ಬರ ಅರ್ಜಿ ಬಂದಿದೆ ಎಂದುಕೊಳ್ಳಿ. ಇಬ್ಬರೂ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶದ ಹಾಳೆ ಲಗತ್ತಿಸಿದ್ದಾರೆ. ಇಬ್ಬರದೂ ಒಟ್ಟು ಬ್ಯಾಂಡ್ 7. ಎಚ್‌ಆರ್ ವಿಭಾಗದವರು ಎರಡಕ್ಕೂ ಟಿಕ್ ಹಾಕಿ ಮುಂದಿನ ಸುತ್ತಿಗೆ ಕಳಿಸಿಬಿಡುತ್ತಾರೆ. ಆ 7ರ ಪಕ್ಕದಲ್ಲೇ ಇರುವ ನಾಲ್ಕು ಪುಟ್ಟ ಚೌಕಗಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ಮೊದಲನೆಯವರಿಗೆ ಆಲಿಸುವುದರಲ್ಲಿ 8.5, ಓದಿನಲ್ಲಿ 8, ಬರವಣಿಗೆಯಲ್ಲಿ 5.5, ಮಾತಿನಲ್ಲಿ 6. ಎರಡನೆಯವರಿಗೆ ಅದೇ ಕ್ರಮದಲ್ಲಿ 6, 6.5, 7.5, 8. ಕೂಡಿಸಿ ನಾಲ್ಕರಿಂದ ಭಾಗಿಸಿ ನೋಡಿ, ಎರಡೂ ಏಳೇ. ಹುದ್ದೆ ಇರುವುದು ಗ್ರಾಹಕರ ದೂರುಗಳಿಗೆ ಪತ್ರದಲ್ಲಿ ಉತ್ತರ ಕೊಡುವುದಕ್ಕೆ. ಮೊದಲನೆಯವರು ಎದುರಿನವರು ಹೇಳಿದ್ದನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಅವರು ಬರೆದ ಪ್ರತಿ ಪತ್ರವನ್ನೂ ಇನ್ನೊಬ್ಬರು ತಿದ್ದಬೇಕಾದೀತು. ಎರಡನೆಯವರ ಪತ್ರ ಚೆನ್ನಾಗಿರುತ್ತದೆ. ಆದರೆ ಲಂಡನ್ನಿನಿಂದ ಐದು ಜನ ಒಟ್ಟಿಗೆ ಮಾತಾಡುವ ಕಾನ್ಫರೆನ್ಸ್ ಕಾಲ್‌ಗೆ ಅವರನ್ನು ಕೂರಿಸಿದರೆ ಅರ್ಧ ಕೈತಪ್ಪಬಹುದು. ಕಂಪನಿ ಕೇಳಿದ್ದು ಮಾತ್ರ ‘ಐಇಎಲ್‌ಟಿಎಸ್ 7’.

ಅದೇ ಹಾಳೆಯಲ್ಲಿ ಇನ್ನೂ ಏನೇನಿದೆ ಎಂದು ನೋಡಿ. ಭಾವಚಿತ್ರ, ಜನ್ಮದಿನಾಂಕ, ಪರೀಕ್ಷೆ ಬರೆದ ದಿನ, ‘ಅಕಾಡೆಮಿಕ್’ ಅಥವಾ ‘ಜನರಲ್ ಟ್ರೈನಿಂಗ್’ ಎಂಬ ಗುರುತು, ಪ್ರತಿ ಹಾಳೆಗೂ ಬೇರೆಯಾದ ಒಂದು ಸಂಖ್ಯೆ. ಅಕಾಡೆಮಿಕ್ ಪರೀಕ್ಷೆಯಲ್ಲಿ ನಕ್ಷೆ, ಕೋಷ್ಟಕ ನೋಡಿ ವಿವರಿಸಬೇಕು. ಜನರಲ್‌ನಲ್ಲಿ ಪತ್ರ ಬರೆಯಬೇಕು. ದೂರಿಗೆ ಉತ್ತರಿಸುವ ಕೆಲಸಕ್ಕೆ ಯಾವುದು ಹತ್ತಿರ ಎಂದು ಬೇರೆ ಹೇಳಬೇಕಿಲ್ಲ. ಆದರೂ ಅಕಾಡೆಮಿಕ್ ಎಂದರೆ ‘ಮೇಲಿನದು’ ಎಂಬ ಭ್ರಮೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಇನ್ನು ದಿನಾಂಕ. ಫಲಿತಾಂಶವನ್ನು ಎರಡು ವರ್ಷ ಮಾತ್ರ ನಂಬಿ ಎನ್ನುವುದು ಪರೀಕ್ಷೆ ನಡೆಸುವವರದೇ ಸಲಹೆ. ಭಾಷೆ ಬಳಸಿದರೆ ಬೆಳೆಯುತ್ತದೆ, ಬಿಟ್ಟರೆ ಮಸುಕಾಗುತ್ತದೆ. ಕೇಂಬ್ರಿಜ್‌ನ ಬಿ2 ಫಸ್ಟ್, ಸಿ1 ಅಡ್ವಾನ್ಸ್ಡ್‌ನಂಥ ಪರೀಕ್ಷೆಗಳ ಫಲಿತಾಂಶಕ್ಕೆ ಅವಧಿ ಮುಗಿಯುವುದೇ ಇಲ್ಲ. ಹಾಗೆಂದು 2009ರಲ್ಲಿ ಪಾಸಾದವರ ಇಂಗ್ಲಿಷ್ ಇಂದೂ ಅಷ್ಟೇ ಇದೆ ಎಂದು ಯಾರೂ ಭರವಸೆ ಕೊಟ್ಟಂತಾಗಲಿಲ್ಲ.

ಪರೀಕ್ಷೆಗಳು ಬೇರೆ ಬೇರೆ, ಅಳತೆಗೋಲುಗಳೂ ಬೇರೆ ಬೇರೆ. ಪಿಟಿಇಯಲ್ಲಿ 10ರಿಂದ 90, ಡ್ಯುಯೊಲಿಂಗೊದಲ್ಲಿ 10ರಿಂದ 160, ಟೋಯಿಕ್‌ನ ಆಲಿಸು–ಓದು ಪರೀಕ್ಷೆಯಲ್ಲಿ 10ರಿಂದ 990. ಟೋಫೆಲ್ ವರ್ಷಗಟ್ಟಲೆ 120ಕ್ಕೆ ಇತ್ತು. 2026ರ ಜನವರಿಯಿಂದ 1ರಿಂದ 6ರ ಅಳತೆಗೆ ಬಂದಿದೆ. ಅರ್ಜಿಯಲ್ಲಿ ‘ಟೋಫೆಲ್ 5’ ಎಂದು ಕಂಡಾಗ ನಕ್ಕು ಪಕ್ಕಕ್ಕಿಟ್ಟರೆ ಒಳ್ಳೆಯ ಅಭ್ಯರ್ಥಿ ಕೈಬಿಟ್ಟುಹೋದಾರು. ಇವನ್ನೆಲ್ಲ ಒಂದೇ ಸಾಲಿನಲ್ಲಿಟ್ಟು ನೋಡಲು ಇರುವುದು ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲು: ಎ1, ಎ2, ಬಿ1, ಬಿ2, ಸಿ1, ಸಿ2. ಬಿ1 ಎಂದರೆ ಪರಿಚಿತ ವಿಷಯದಲ್ಲಿ ಹೇಗೋ ನಿಭಾಯಿಸಬಲ್ಲವರು. ಬಿ2 ಎಂದರೆ ತಮ್ಮ ಕೆಲಸದ ವಿಷಯವನ್ನು ತಡವರಿಸದೆ ಚರ್ಚಿಸಬಲ್ಲವರು. ಐಇಎಲ್‌ಟಿಎಸ್‌ನ 5.5ರಿಂದ 6.5, ಹಳೆಯ ಟೋಫೆಲ್‌ನ 72ರಿಂದ 94, ಕೇಂಬ್ರಿಜ್ ಅಳತೆಯ 160ರಿಂದ 179, ಇವೆಲ್ಲ ಸರಿಸುಮಾರು ಬಿ2. ಅಂದರೆ ಕಚೇರಿಯ ಬಹುಪಾಲು ಕೆಲಸಕ್ಕೆ 7 ಬೇಕಾಗಿಯೇ ಇಲ್ಲ. 7 ಎಂದರೆ ಸಿ1. ಎಂಎ ತರಗತಿಯಲ್ಲಿ ವಾದ ಮಾಡುವ ಮಟ್ಟ ಅದು.

ಹಾಗಾದರೆ ಜಾಹೀರಾತುಗಳಲ್ಲಿ 7 ಹೇಗೆ ಬಂತು? ನನ್ನ ಅನಿಸಿಕೆಯಲ್ಲಿ ಅದು ವೀಸಾದ ನೆರಳು. ಅಮೆರಿಕದ ಕಾನ್ಸುಲೇಟ್, ಬ್ರಿಟನ್ನಿನ ಡೆಪ್ಯುಟಿ ಹೈಕಮಿಷನ್ ಎರಡೂ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲೇ (ಬಿಕೆಸಿ) ಇವೆ. ಹೊರದೇಶಕ್ಕೆ ಹೊರಟವರ ಲೆಕ್ಕಾಚಾರ ಇಲ್ಲಿನ ಕಚೇರಿಗಳ ಗಾಳಿಯಲ್ಲೇ ಸೇರಿಹೋಗಿದೆ. ಆದರೆ ವೀಸಾಕ್ಕೂ 7 ಬೇಕೆಂದಿಲ್ಲ. ಬ್ರಿಟನ್ ತನ್ನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಮೊದಲು ಬಿ1 ಕೇಳುತ್ತಿತ್ತು, 2026ರ ಜನವರಿ 8ರಿಂದ ಬಿ2 ಕೇಳುತ್ತಿದೆ. ಅದಕ್ಕೂ ಸಾಮಾನ್ಯ ಐಇಎಲ್‌ಟಿಎಸ್ ನಡೆಯದು, ‘ಯುಕೆವಿಐ’ ಹೆಸರಿನಲ್ಲಿ ನಡೆಯುವುದೇ ಬೇಕು. ಸಿಬ್ಬಂದಿಯನ್ನು ಲಂಡನ್ನಿಗೆ ಕಳಿಸುವ ಕಂಪನಿ ಇಷ್ಟು ತಿಳಿದುಕೊಳ್ಳದೆ ತಪ್ಪು ಪರೀಕ್ಷೆ ಬರೆಸಿದರೆ ದುಡ್ಡೂ ಹೋಯಿತು, ತಿಂಗಳೂ ಹೋಯಿತು.

ಬಾಂದ್ರಾದಲ್ಲಿ ಇನ್ನೊಂದು ಪ್ರಮಾಣಪತ್ರವೂ ಚಾಲ್ತಿಯಲ್ಲಿದೆ, ಅದಕ್ಕೆ ಕಾಗದವೇ ಬೇಡ. ಅದು ಉಚ್ಚಾರ. ಪಶ್ಚಿಮದ ಹಿಲ್ ರೋಡ್, ಪಾಲಿ ಹಿಲ್ ಕಡೆಯ ಕಾನ್ವೆಂಟುಗಳಲ್ಲಿ ಕಲಿತವರು, ಮನೆಯಲ್ಲೇ ಇಂಗ್ಲಿಷ್ ಆಡುವ ಗೋವನ್ ಮತ್ತು ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬದ ಮಕ್ಕಳು ಇಂಟರ್‌ವ್ಯೂ ಕೋಣೆಯಲ್ಲಿ ಬಾಯಿ ತೆರೆದರೆ ಅರ್ಧ ಕೆಲಸ ಆದಂತೆ. ಹಳಿಯ ಈಚೆ ಬೆಹ್ರಾಮ್‌ಪಾಡಾ, ಭಾರತ್ ನಗರ, ಖೇರ್‌ವಾಡಿ ಇವೆ. ಅಲ್ಲಿಂದ ಬಿಕೆಸಿಗೆ ನಡೆದೇ ಹೋಗಬಹುದು. ಉರ್ದು, ಮರಾಠಿ ಮಾಧ್ಯಮದಲ್ಲಿ ಓದಿ ಪದವಿ ಮುಗಿಸಿದ ಮಕ್ಕಳು ಅಲ್ಲಿದ್ದಾರೆ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ, ಆ ಮಕ್ಕಳ ಕಥೆಯೂ ಇದೇ. ಅವರ ಇಂಗ್ಲಿಷ್ ಪುಸ್ತಕದಿಂದ ಬಂದದ್ದು, ನಾಲಿಗೆಗೆ ತಡವಾಗಿ ಏರುತ್ತದೆ. ಇಂಟರ್‌ವ್ಯೂ ಮಾಡುವವರು ತಮ್ಮಂತೆಯೇ ಮಾತಾಡುವವರನ್ನು ‘ಒಳ್ಳೆಯ ಇಂಗ್ಲಿಷ್’ ಎಂದು ಬರೆದುಕೊಳ್ಳುತ್ತಾರೆ.

ಪ್ರಮಾಣಪತ್ರದ ಪರವಾಗಿ ನಾನು ನಿಲ್ಲುವುದು ಇಲ್ಲಿ. ಐಇಎಲ್‌ಟಿಎಸ್ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು, ಅಂಕ ನಾಲ್ಕು ಬಾಬತ್ತಿಗೆ: ಓಘ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರ. ಉಚ್ಚಾರದಲ್ಲೂ ನೋಡುವುದು ಕೇಳುವವರಿಗೆ ತಿಳಿಯುತ್ತದೆಯೇ ಎಂದು. ಊರಿನ ಎಳೆ ಮಾತಿನಲ್ಲಿದೆ ಎಂಬುದಕ್ಕಾಗಿಯೇ ಅಂಕ ಕಳೆಯುವುದಿಲ್ಲ. ಯುರೋಪಿನ ಆ ಆರು ಮೆಟ್ಟಿಲುಗಳ ವಿವರಣೆಯನ್ನು 2018ರಲ್ಲಿ ಪರಿಷ್ಕರಿಸಿದಾಗ ಮಾತೃಭಾಷಿಕರಂತೆಯೇ ಉಲಿಯಬೇಕೆಂಬ ಮಾನದಂಡವನ್ನು ಬಿಟ್ಟು, ಸ್ಪಷ್ಟವಾಗಿ ತಿಳಿಯುವಂತಿದ್ದರೆ ಸಾಕು ಎಂದರು. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಪಾಲಿಮರ್ ತಂತ್ರಜ್ಞರಾಗಿ ಕಂಪನಿಯ ಉನ್ನತ ಹುದ್ದೆಗೇರಿದ, ಬಾಂದ್ರಾದಲ್ಲೇ ನೆಲೆಸಿದ್ದ ಯಶವಂತ ಚಿತ್ತಾಲರು ಈ ನಗರದ ಕಂಪನಿ ಜಗತ್ತು ಒಬ್ಬ ಮನುಷ್ಯನನ್ನು ಗುಮಾನಿಯಿಂದಲೇ ಬೇಟೆಯಾಡುವುದನ್ನು 1979ರ ‘ಶಿಕಾರಿ’ ಕಾದಂಬರಿಯಲ್ಲಿ ತೋರಿಸಿದ್ದರು. ಕಿವಿಯ ಗುಮಾನಿಗಿಂತ ಕಾಗದದ ಅಂಕ ನ್ಯಾಯವಾದದ್ದು, ಅದನ್ನು ಸರಿಯಾಗಿ ಓದಿದರೆ.

ಕಾಗದದ ಬಲದಿಂದ ಕೆಲಸ ಹಿಡಿಯುವುದು ಮುಂಬಯಿ ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಬ್ಯಾಂಕು, ಕಚೇರಿ ಸೇರಿದ ಒಂದು ತಲೆಮಾರೇ ಇಲ್ಲಿತ್ತು. ಆ ಟೈಪಿಂಗ್ ಸರ್ಟಿಫಿಕೇಟು ಹೇಳುತ್ತಿದ್ದುದು ಒಂದೇ ಮಾತು: ನಿಮಿಷಕ್ಕೆ 40 ಪದ. ಕೇಳುವ ಮ್ಯಾನೇಜರನಿಗೂ ಅಷ್ಟೇ ಬೇಕಿತ್ತು. ಈಗಿನ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು ಕೊಡುವ ಕಾಗದದಲ್ಲಿ ಚಿನ್ನದ ಬಣ್ಣದ ಮುದ್ರೆ ಇರುತ್ತದೆ, ‘ಅಡ್ವಾನ್ಸ್ಡ್ ಡಿಪ್ಲೊಮಾ’ ಎಂದಿರುತ್ತದೆ, ‘ವಿತ್ ಡಿಸ್ಟಿಂಕ್ಷನ್’ ಎಂದೂ ಇರುತ್ತದೆ. ಅಳತೆ ಮಾತ್ರ ಇರುವುದಿಲ್ಲ. ತರಗತಿಗೆ ಬಂದಿದ್ದರು ಎಂದಷ್ಟೇ ಅದು ಹೇಳುವುದು. ಇಂಥ ಕಾಗದವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಒಂದೇ ಕಾಲಂನಲ್ಲಿ ತುಂಬಿಸುವ ಎಕ್ಸೆಲ್ ಶೀಟುಗಳು ಇಲ್ಲಿ ಬೇಕಾದಷ್ಟಿವೆ.

ಏನು ಕೇಳಬೇಕೆಂದು ಚೆನ್ನಾಗಿ ಬಲ್ಲವರು ಕೆಲವು ಕ್ಷೇತ್ರದವರು, ಅವರು ಅದನ್ನು ಪೆಟ್ಟು ತಿಂದೇ ಕಲಿತದ್ದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಮತ್ತು ಕಝಾಕ್‌ಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಕಝಾಕ್ ವಿಮಾನ ತನಗೆ ಹೇಳಿದ್ದ 15,000 ಅಡಿಗಿಂತ ಕೆಳಗಿಳಿದಿತ್ತು. ದೆಹಲಿಯ ನಿಯಂತ್ರಣ ಕೊಠಡಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದುದು ರೇಡಿಯೊ ಆಪರೇಟರ್, ಪೈಲಟ್‌ಗಳು ಅವನನ್ನೇ ನೆಚ್ಚಿದ್ದರು. ಇಂಥ ದುರಂತಗಳ ನಂತರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್‌ಗಳಿಗೂ ನಿಯಂತ್ರಕರಿಗೂ ಆರು ಹಂತದ ಇಂಗ್ಲಿಷ್ ಅಳತೆ ಗೊತ್ತುಮಾಡಿತು. 2008ರಿಂದ ಅದು ಜಾರಿಗೆ ಬಂತು. ಕನಿಷ್ಠ 4ನೇ ಹಂತ ಬೇಕು. 4ರಲ್ಲಿ ಇರುವವರು ಮೂರು ವರ್ಷಕ್ಕೊಮ್ಮೆ, 5ರಲ್ಲಿ ಇರುವವರು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬೇಕು. ಅಲ್ಲಿ ಪ್ರಬಂಧ ಬರೆಸುವುದಿಲ್ಲ, ನೋಡುವುದು ಆಡಿದ್ದು, ಕೇಳಿದ್ದು, ತಿಳಿದದ್ದು ಮಾತ್ರ.

ನರ್ಸ್‌ಗಳದೂ ಇದೇ ಬಗೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಮೊದಲು ಐಇಎಲ್‌ಟಿಎಸ್‌ನ ನಾಲ್ಕರಲ್ಲೂ 7 ಕೇಳುತ್ತಿತ್ತು. ಓದು, ಆಲಿಸುವಿಕೆ, ಮಾತುಗಳಲ್ಲಿ 7 ಉಳಿಸಿಕೊಂಡು ಬರವಣಿಗೆಗೆ 6.5 ಸಾಕು ಎಂದು 2018ರ ಕೊನೆಯಲ್ಲಿ ಇಳಿಸಿತು. ಅದರ ಹಿಂದಿನ ವರ್ಷವೇ ಆಸ್ಟ್ರೇಲಿಯಾ ಮೂಲದ ಒಇಟಿ ಎಂಬ ಪರೀಕ್ಷೆಯನ್ನೂ ಒಪ್ಪಿಕೊಂಡಿತ್ತು. ಒಇಟಿಯಲ್ಲಿ ನರ್ಸ್ ರೋಗಿಯ ಪಾತ್ರ ವಹಿಸಿದವರೊಂದಿಗೆ ಮಾತಾಡಿ ತೋರಿಸಬೇಕು, ರೋಗಿಯನ್ನು ಇನ್ನೊಬ್ಬರ ಆರೈಕೆಗೆ ಒಪ್ಪಿಸುವ ಪತ್ರ ಬರೆಯಬೇಕು. ಹಡಗಿನ ಕೆಲಸಕ್ಕೆ ಹೋಗುವ ಕರಾವಳಿಯ ಹುಡುಗರನ್ನು ಕೇಳಿ, ‘ಮಾರ್ಲಿನ್ಸ್’ ಎಂಬ ಪರೀಕ್ಷೆಯ ಹೆಸರು ಅವರ ಬಾಯಲ್ಲೇ ಇರುತ್ತದೆ. ಕೆಲಸಕ್ಕೆ ತಕ್ಕ ಇಂಗ್ಲಿಷ್ ಎಂದರೆ ಏನೆಂದು ಕಾರ್ಪೊರೇಟ್ ಕಚೇರಿಗಳಿಗಿಂತ ಈ ಹಡಗಿನವರಿಗೆ ಚೆನ್ನಾಗಿ ಗೊತ್ತು.

ಕಾಗದ ಖೋಟಾ ಆಗಿದ್ದರೆ? 2014ರ ಫೆಬ್ರವರಿಯಲ್ಲಿ ಬಿಬಿಸಿಯ ‘ಪನೋರಮಾ’ ಬ್ರಿಟನ್ನಿನ ಕೆಲವು ಪರೀಕ್ಷಾ ಕೇಂದ್ರಗಳಲ್ಲಿ ಗುಟ್ಟಾಗಿ ಚಿತ್ರೀಕರಿಸಿ ತೋರಿಸಿತು: ಟೋಯಿಕ್ ಪರೀಕ್ಷೆಯಲ್ಲಿ ಅಭ್ಯರ್ಥಿಯ ಬದಲು ಬೇರೆಯವರು ಕೂತು ಮಾತಾಡುತ್ತಿದ್ದರು, ಬಹು ಆಯ್ಕೆಯ ಉತ್ತರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅಲ್ಲಿನ ಗೃಹ ಇಲಾಖೆ 30 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ವೀಸಾ ಮೊಟಕುಗೊಳಿಸಿತು, ಅವರಲ್ಲಿ ಭಾರತೀಯರೂ ಬಹಳ. ಮುಂದೆ ಸಾವಿರಾರು ಮಂದಿ ಮೇಲ್ಮನವಿಯಲ್ಲಿ ಗೆದ್ದರು. ಕಳ್ಳರನ್ನು ಹಿಡಿಯುವ ಭರದಲ್ಲಿ ಪ್ರಾಮಾಣಿಕರ ಓದೂ ಮಣ್ಣುಪಾಲಾಗಿತ್ತು. ಆದ್ದರಿಂದ ಅನುಮಾನಪಡುವುದಕ್ಕಿಂತ ಪರಿಶೀಲಿಸುವುದು ಮೇಲು. ಐಇಎಲ್‌ಟಿಎಸ್ ಹಾಳೆಯ ಸಂಖ್ಯೆಯನ್ನು ನೋಂದಾಯಿತ ಸಂಸ್ಥೆಗಳು ಆನ್‌ಲೈನ್‌ನಲ್ಲಿ ತಾಳೆ ನೋಡಬಹುದು, ಕೇಂಬ್ರಿಜ್‌ಗೂ ಅಂಥದೇ ವ್ಯವಸ್ಥೆ ಇದೆ, ಟೋಫೆಲ್ ಫಲಿತಾಂಶವನ್ನು ನೇರವಾಗಿ ಸಂಸ್ಥೆಗೇ ತರಿಸಿಕೊಳ್ಳಬಹುದು. ಪದವಿ ಅಸಲಿಯೇ, ಹಿಂದಿನ ಸಂಬಳ ನಿಜವೇ ಎಂದು ಏಜೆನ್ಸಿಗೆ ದುಡ್ಡು ಕೊಟ್ಟು ವಿಚಾರಿಸುವವರು ಭಾಷೆಯ ಕಾಗದದ ಜೆರಾಕ್ಸನ್ನು ಹಾಗೆಯೇ ಫೈಲಿಗೆ ಸೇರಿಸುತ್ತಾರೆ.

ಇನ್ನು ಖರ್ಚು. ಒಮ್ಮೆ ಐಇಎಲ್‌ಟಿಎಸ್ ಬರೆಯಲು ಭಾರತದಲ್ಲಿ ಹದಿನೇಳು–ಹದಿನೆಂಟು ಸಾವಿರ ರೂಪಾಯಿಯ ಆಸುಪಾಸು. ತಿಂಗಳಿಗೆ ಇಪ್ಪತ್ತೆರಡು ಸಾವಿರದ ಕೆಲಸಕ್ಕೆ ಬರುವ ಹುಡುಗಿಯಿಂದ ಇದನ್ನು ಕೇಳುವುದು ಯಾವ ಲೆಕ್ಕ? ಕಾಲ್ ಸೆಂಟರ್‌ಗಳು ಇದಕ್ಕೆ ಬೇರೆ ದಾರಿ ಹಿಡಿದವು. ವರ್ಸಾಂಟ್‌ನಂಥ ಪರೀಕ್ಷೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ವಾಕ್ಯ ಕೇಳಿ ಹಾಗೆಯೇ ಹೇಳುವುದು, ಚೆಲ್ಲಾಪಿಲ್ಲಿಯಾದ ಪದಗಳನ್ನು ಜೋಡಿಸುವುದು, ಕೇಳಿದ ಪುಟ್ಟ ಕಥೆಯನ್ನು ತಿರುಗಿ ಹೇಳುವುದು. ಅಂಕ ಹಾಕುವುದು ಯಂತ್ರ. ಫೋನಿನ ಕೆಲಸಕ್ಕೆ ಅದು ಸಾಕು. ವಿಮೆಯ ಕರಾರು ಓದಿ ಸಾರಾಂಶ ಬರೆಯುವ ಕೆಲಸಕ್ಕೆ ಸಾಲದು. ಅದಕ್ಕೆ ಕಂಪನಿಯೇ ತನ್ನ ಹಳೆಯ ಕಡತದಿಂದ ಎರಡು ಪುಟ ತೆಗೆದು, ಹೆಸರುಗಳನ್ನು ಅಳಿಸಿ, ಮುಕ್ಕಾಲು ಗಂಟೆ ಕೊಟ್ಟು ಬರೆಸಲಿ. ಹೆಸರು ಮುಚ್ಚಿದ ಉತ್ತರಗಳನ್ನು ಇಬ್ಬರು ಪ್ರತ್ಯೇಕವಾಗಿ ತಿದ್ದಲಿ.

ಈಗಾಗಲೇ ಒಳಗಿರುವ ಸಿಬ್ಬಂದಿಯ ಮೌಲ್ಯಮಾಪನ ಹೆಚ್ಚು ನಾಜೂಕಿನದು. ಹತ್ತು ವರ್ಷ ದುಡಿದವರನ್ನು ಏಕಾಏಕಿ ಪರೀಕ್ಷೆಗೆ ಕೂರಿಸಿ, ಆ ಅಂಕವನ್ನೇ ಬಡ್ತಿಯ ಪಟ್ಟಿಗೆ ಹಾಕಿದರೆ ಮರುದಿನದಿಂದ ಮೀಟಿಂಗಿನಲ್ಲಿ ಅವರ ಬಾಯಿ ಮುಚ್ಚುತ್ತದೆ. ಮೊದಲ ಅಂಕ ತರಬೇತಿಗೆ ಮಾತ್ರ, ಬಡ್ತಿಗೆ ಅಲ್ಲ ಎಂದು ಬರಹದಲ್ಲಿ ಕೊಡಬೇಕು. ಮರುಪರೀಕ್ಷೆ ಆರು ತಿಂಗಳೋ ವರ್ಷವೋ ಬಿಟ್ಟು, ಅದೇ ಪರೀಕ್ಷೆಯಲ್ಲಿ ಆಗಬೇಕು. ಶುಲ್ಕ ಕಂಪನಿಯದು. ಬರವಣಿಗೆಯಲ್ಲಿ 5.5 ಇದ್ದವರನ್ನು ಬರವಣಿಗೆಯ ತರಗತಿಗೇ ಕಳಿಸಬೇಕು, ‘ಪರ್ಸನಾಲಿಟಿ ಡೆವಲಪ್‌ಮೆಂಟ್’ ಶಿಬಿರಕ್ಕಲ್ಲ.