ಐಷಾರಾಮಿ ಕಾಂಪ್ಯಾಕ್ಟ್ ಎಸ್‌ಯುವಿ

ಐಷಾರಾಮಿ ಕಾಂಪ್ಯಾಕ್ಟ್ ಎಸ್‌ಯುವಿ ಎಂಬುದು ಸುಮಾರು 4.4ರಿಂದ 4.5 ಮೀಟರ್ ಉದ್ದವಿದ್ದು, ದುಬಾರಿ ಕಾರು ತಯಾರಕ ಸಂಸ್ಥೆಗಳು ತಮ್ಮ ಎಸ್‌ಯುವಿ ಶ್ರೇಣಿಯ ಕೆಳಹಂತದಲ್ಲಿ ಮಾರುವ ವಾಹನಗಳ ವರ್ಗ. ಬಿಎಂಡಬ್ಲ್ಯು ಎಕ್ಸ್1, ಆಡಿ ಕ್ಯೂ3, ಮರ್ಸಿಡಿಸ್-ಬೆಂಜ್ ಜಿಎಲ್‌ಎ ಹಾಗೂ ವೋಲ್ವೋ ಎಕ್ಸ್‌ಸಿ40 ಈ ವರ್ಗದ ಪ್ರಮುಖ ಮಾದರಿಗಳು. ಭಾರತದಲ್ಲಿ 'ಕಾಂಪ್ಯಾಕ್ಟ್' ಎಂಬ ಪದವನ್ನು ತೆರಿಗೆ ರಿಯಾಯಿತಿಯ ಕಾರಣದಿಂದ 4 ಮೀಟರ್‌ಗಿಂತ ಚಿಕ್ಕ ವಾಹನಗಳಿಗೂ ಬಳಸುವುದುಂಟು. ಆ ವರ್ಗ ಬೇರೆ.

ಕರ್ನಾಟಕದಲ್ಲಿ ತಯಾರಿಕೆ

ವೋಲ್ವೋ ಸಂಸ್ಥೆಯು 2017ರಲ್ಲಿ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕಾರುಗಳ ಜೋಡಣೆಯನ್ನು ಆರಂಭಿಸಿತು. 2022ರ ಜುಲೈಯಲ್ಲಿ ₹55.90 ಲಕ್ಷ ಬೆಲೆಗೆ ಬಿಡುಗಡೆಯಾದ ವಿದ್ಯುತ್‌ಚಾಲಿತ ಎಕ್ಸ್‌ಸಿ40 ರೀಚಾರ್ಜ್ ಕೂಡ ಇಲ್ಲಿಯೇ ಜೋಡಣೆಗೊಂಡಿತು. ಎಕ್ಸ್1 ಚೆನ್ನೈ ಬಳಿ, ಜಿಎಲ್‌ಎ ಪುಣೆ ಬಳಿಯ ಚಾಕಣದಲ್ಲಿ, ಕ್ಯೂ3 ಔರಂಗಾಬಾದಿನಲ್ಲಿ (ಈಗಿನ ಛತ್ರಪತಿ ಸಂಭಾಜಿನಗರ) ಜೋಡಣೆಯಾಗುತ್ತವೆ.

ಹೋಲಿಕೆ

2023ರಲ್ಲಿ ಭಾರತಕ್ಕೆ ಬಂದ ಮೂರನೆಯ ಪೀಳಿಗೆಯ ಎಕ್ಸ್1ರ ಮುಖ್ಯ ಗುಣ ಒಳಾಂಗಣದ ವಿಶಾಲತೆ. 150 ಅಶ್ವಶಕ್ತಿಯ ಡೀಸೆಲ್ ಎಂಜಿನ್ ದೂರಪ್ರಯಾಣಕ್ಕೆ ಒಗ್ಗುತ್ತದೆ. ಪೆಟ್ರೋಲ್ ಮಾದರಿಯದು ಮೂರು ಸಿಲಿಂಡರ್‌ಗಳ 1.5 ಲೀಟರ್ ಎಂಜಿನ್. ಈ ಬೆಲೆಯ ವಾಹನಕ್ಕೆ ಇದು ಸಪ್ಪೆಯೆನಿಸುತ್ತದೆ. ಎರಡರಲ್ಲೂ ಮುಂದಿನ ಚಕ್ರಗಳಿಗಷ್ಟೇ ಚಾಲನೆ.

2022ರ ಕ್ಯೂ3ರಲ್ಲಿ 190 ಅಶ್ವಶಕ್ತಿಯ 2 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ನಾಲ್ಕು ಚಕ್ರಗಳ ಚಾಲನೆ ಇವೆ, ಡೀಸೆಲ್ ಆಯ್ಕೆ ಇಲ್ಲ. ಅಷ್ಟೇ ಶಕ್ತಿಯ 2 ಲೀಟರ್ ಎಂಜಿನ್, ಏಳು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆ, ನಾಲ್ಕು ಚಕ್ರಗಳ ಚಾಲನೆ ಇವೆಲ್ಲವೂ ಅದೇ ಸಮೂಹದ ಫೋಕ್ಸ್‌ವ್ಯಾಗನ್ ಟಿಗ್ವಾನ್‌ನಲ್ಲಿ 2021ರ ಡಿಸೆಂಬರಿನಲ್ಲಿ ₹31.99 ಲಕ್ಷಕ್ಕೆ ದೊರೆಯುತ್ತಿದ್ದವು; 2022ರಲ್ಲಿ ಕ್ಯೂ3ರ ಆರಂಭಿಕ ಬೆಲೆ ₹44.89 ಲಕ್ಷವಾಗಿತ್ತು. ನಡುವಿನ ಹಣದ ಬಹುಪಾಲು ಒಳಾಂಗಣಕ್ಕೂ ಲಾಂಛನಕ್ಕೂ ಸಲ್ಲುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವುದು ಕಷ್ಟ.

ಜಿಎಲ್‌ಎ ನೋಟದಲ್ಲಿಯೂ ಸ್ವಭಾವದಲ್ಲಿಯೂ ಎತ್ತರಿಸಿದ ಹ್ಯಾಚ್‌ಬ್ಯಾಕಿಗೆ ಹತ್ತಿರ. 190 ಅಶ್ವಶಕ್ತಿಯ ಡೀಸೆಲ್ ಮಾದರಿಗೆ ನಾಲ್ಕು ಚಕ್ರಗಳ ಚಾಲನೆಯ ಅನುಕೂಲವಿದೆ.

ಎಕ್ಸ್‌ಸಿ40 ರೀಚಾರ್ಜ್‌ನ ಎರಡು ಮೋಟಾರುಗಳು ಸುಮಾರು 408 ಅಶ್ವಶಕ್ತಿ ನೀಡುತ್ತವೆ. ಗಂಟೆಗೆ 100 ಕಿ.ಮೀ. ವೇಗವನ್ನು ಅದು 4.9 ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಸುರಕ್ಷತೆಯಲ್ಲಿ ಮಾತ್ರ ಇವುಗಳ ನಡುವೆ ದೊಡ್ಡ ಅಂತರವಿಲ್ಲ: ನಾಲ್ಕೂ ಮಾದರಿಗಳು ಯೂರೋ ಎನ್‌ಸಿಎಪಿ ಪರೀಕ್ಷೆಯಲ್ಲಿ ಐದು ತಾರೆಗಳನ್ನು ಪಡೆದಿವೆ.

ದೂರ ಮತ್ತು ರಸ್ತೆ

ರೀಚಾರ್ಜ್‌ನ ಘೋಷಿತ ವ್ಯಾಪ್ತಿ ಯುರೋಪಿನ ಡಬ್ಲ್ಯುಎಲ್‌ಟಿಪಿ ಮಾನದಂಡದಂತೆ 418 ಕಿ.ಮೀ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ. ಇದೆ. ಹೋಗಿಬರುವ ಪ್ರಯಾಣ ಕಾಗದದ ಮೇಲೆ ಒಂದೇ ಚಾರ್ಜಿನಲ್ಲಿ ಮುಗಿದರೂ, ಹೆದ್ದಾರಿಯ ವೇಗದಲ್ಲಿ ವ್ಯಾಪ್ತಿ ಕುಗ್ಗುವುದರಿಂದ ನಡುವೆ ಚಾರ್ಜ್ ಮಾಡದೆ ಹೊರಡುವುದು ಜಾಣತನವಲ್ಲ. ಅಲ್ಲಿಂದ ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದವರೆಗೆ ಹೋಗುವವರಿಗೆ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. 2025ರಲ್ಲಿ ಬಂದ ಉದ್ದನೆಯ ಬಿಎಂಡಬ್ಲ್ಯು ಐಎಕ್ಸ್1ರ 531 ಕಿ.ಮೀ. ಅಂಕಿ ಭಾರತೀಯ ಎಂಐಡಿಸಿ ಮಾನದಂಡದ್ದು. ಎರಡು ಮಾನದಂಡಗಳು ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಅದಿರಿನ ಲಾರಿಗಳು ಓಡಾಡುವ ಇಂಥ ರಸ್ತೆಗಳಲ್ಲಿ ಅಗಲವಾದ ಚಕ್ರ, ತೆಳು ಪಾರ್ಶ್ವದ ಟೈರುಗಳು ದೌರ್ಬಲ್ಯವೇ ಸರಿ; ಹಳ್ಳಕ್ಕೆ ಬಿದ್ದಾಗ ಟೈರು ಸೀಳುವ, ರಿಮ್ ಬಾಗುವ ಸಂಭವ ಹೆಚ್ಚು. ವಿದ್ಯುತ್ ಮಾದರಿಯಲ್ಲಿ ಬ್ಯಾಟರಿ ನೆಲದಡಿಯಲ್ಲಿರುವುದರಿಂದ ತಳದ ಎತ್ತರ ಪೆಟ್ರೋಲ್ ಎಕ್ಸ್‌ಸಿ40ಗಿಂತ ಕಡಿಮೆ. ಅಧಿಕೃತ ಸೇವಾ ಕೇಂದ್ರಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿರುವುದನ್ನೂ ಗ್ರಾಮೀಣ ಖರೀದಿದಾರರು ಗಮನಿಸಬೇಕಾಗುತ್ತದೆ.

ತೆರಿಗೆ

ಕರ್ನಾಟಕದಲ್ಲಿ ₹20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಾವಧಿ ತೆರಿಗೆ ಮೇಲ್ತೆರಿಗೆ ಸೇರಿ ಸುಮಾರು 20% ಆಗುತ್ತದೆ. ₹45 ಲಕ್ಷದ ವಾಹನಕ್ಕೆ ಇದು ಸುಮಾರು ₹9 ಲಕ್ಷ. ವಿದ್ಯುತ್ ವಾಹನಗಳಿಗಿದ್ದ ಪೂರ್ಣ ವಿನಾಯಿತಿಯನ್ನು 2024ರಲ್ಲಿ ಮೊಟಕುಗೊಳಿಸಿ, ₹25 ಲಕ್ಷ ಮೀರಿದವುಗಳಿಗೆ 10% ತೆರಿಗೆ ವಿಧಿಸಲಾಯಿತು.